ತಾಳಮದ್ದಲೆಯ ಪಾತ್ರಮರ್ಯಾದೆ

ವೇಷ, ಕುಣಿತಗಳ ನೆರವಿಲ್ಲದೆ ಕೇವಲ ಮಾತಿನಿಂದ ಪಾತ್ರವನ್ನು ಕಟ್ಟುವ ಕಲೆ ತಾಳಮದ್ದಲೆ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಅರ್ಥಧಾರಿಯು ಅದರ ಆಶಯವನ್ನು ಕುಳಿತಲ್ಲಿಯೇ ಆಶುಗದ್ಯವಾಗಿ ಬೆಳೆಸುತ್ತಾನೆ. ಠಾಣೆಯ ವರ್ತಕ ನಗರ, ಡೊಂಬಿವಲಿ, ನವಿಮುಂಬಯಿ ಪರಿಸರದಲ್ಲಿ ನೆಲೆಸಿದ ಕರಾವಳಿ ಮೂಲದ ಕನ್ನಡಿಗರು, ಮೇಳಗಳ ತಿರುಗಾಟ ನಿಂತ ಮಳೆಗಾಲದಲ್ಲಿ ಊರಿನ ಅರ್ಥಧಾರಿಗಳನ್ನು ಕರೆಸಿ ಕೂಟಗಳನ್ನು ನಡೆಸುವುದುಂಟು. ಹೊರನಾಡಿನ ಸಂಶೋಧಕರು ಇದನ್ನು ವಾಗ್ವಾದದ ಸ್ಪರ್ಧೆಯೆಂದು ಭಾವಿಸುವ ಸಂಭವವಿದೆ. ಈ ಗ್ರಹಿಕೆಯನ್ನು ನಾವು ಒಪ್ಪಲಾರೆವು.

ಪಂಪ, ಕುಮಾರವ್ಯಾಸರ ಸಂವಾದಗಳಲ್ಲಿ ಇಬ್ಬರ ಮಾತನ್ನೂ ಒಬ್ಬನೇ ಕವಿ ರಚಿಸಿರುತ್ತಾನೆ. ಯಾರು ಎಲ್ಲಿ ಸೋಲಬೇಕೆಂಬುದು ಅವನ ಅಧೀನ. ತಾಳಮದ್ದಲೆಯಲ್ಲಾದರೋ ಎರಡು ಸ್ವತಂತ್ರ ಬುದ್ಧಿಗಳು ಎದುರುಬದುರಾಗುತ್ತವೆ. ಕವಿಯ ಹೊಣೆಯನ್ನು ಅವು ಹಂಚಿಕೊಳ್ಳದಿದ್ದರೆ ಪ್ರಸಂಗ ಮುರಿಯುತ್ತದೆ. ಪಾತ್ರಮರ್ಯಾದೆ ಹುಟ್ಟುವುದು ಈ ಹಂಚಿಕೆಯಿಂದಲೇ.

ಕೃಷ್ಣನು ಕರ್ಣನಿಗೆ ಜನ್ಮರಹಸ್ಯವನ್ನು ತಿಳಿಸುವ ಸಂದರ್ಭವನ್ನು ಗಮನಿಸಬಹುದು. ಅರ್ಥಧಾರಿಗೆ ಕಥೆಯೆಲ್ಲ ಕಂಠಸ್ಥ. ಕರ್ಣನಿಗಾದರೋ ಅದು ಆ ಕ್ಷಣದ ಆಘಾತ. ತಾನು ಬಲ್ಲದ್ದನ್ನೆಲ್ಲ ಪಾತ್ರದ ಬಾಯಿಗೆ ತುರುಕುವವನು ಪಂಡಿತನಾಗಿ ಉಳಿಯುತ್ತಾನೆ, ಕರ್ಣನಾಗುವುದಿಲ್ಲ. ಅಂತೆಯೇ ಕೃಷ್ಣನ ಅರ್ಥಧಾರಿಯು ಕರ್ಣನ ನಿರ್ಧಾರವನ್ನು ತಾನೇ ಮೊದಲು ಆಡಿಬಿಟ್ಟರೆ ಎದುರಿನವನಿಗೆ ಉಳಿಯುವುದು ಅನುಮೋದನೆಯಷ್ಟೆ. (ಪಾತ್ರ ತಾಳಿ ಪರಸ್ಪರ ಬರೆಯುತ್ತ ಕಥೆ ಬೆಳೆಸುವ ಇಂದಿನ ತರುಣರೂ ಇವೆರಡನ್ನು ದೋಷಗಳೆಂದೇ ಎಣಿಸುತ್ತಾರೆ.)

ವಾಲಿವಧೆಯ ಇಕ್ಕಟ್ಟು ಇನ್ನೂ ಸೂಕ್ಷ್ಮವಾದುದು. ಮರೆಯಿಂದ ಬಾಣವೆಸೆದ ರಾಮನನ್ನು ಪ್ರಶ್ನಿಸುವ ವಾಲಿಯ ಪಕ್ಷ ಸಹಜವಾಗಿಯೇ ಪ್ರಬಲ. ಶೇಣಿ ಗೋಪಾಲಕೃಷ್ಣ ಭಟ್ಟರಂತಹ (1918–2006) ಅರ್ಥಧಾರಿಗಳು ವಾಲಿ, ರಾವಣ ಮೊದಲಾದ ಪ್ರತಿನಾಯಕರಿಗೆ ಅಪೂರ್ವವಾದ ವಾದಬಲವನ್ನು ತಂದುಕೊಟ್ಟರು. ಆದರೆ ವಾಲಿ ಎಷ್ಟೇ ಸಮರ್ಥವಾಗಿ ವಾದಿಸಲಿ, ಬಾಣ ಆಗಲೇ ನೆಟ್ಟಿದೆ. ಸುಗ್ರೀವನ ಪತ್ನಿಯನ್ನು ಇರಿಸಿಕೊಂಡ ಆರೋಪಕ್ಕೆ ಅವನು ಉತ್ತರಿಸಲೇಬೇಕು, ಕಡೆಗೆ ಅಂಗದನನ್ನು ಒಪ್ಪಿಸಿ ಸಾಯಲೇಬೇಕು. ರಾಮನನ್ನು ನಿರುತ್ತರಗೊಳಿಸಿ ಚಪ್ಪಾಳೆ ಗಿಟ್ಟಿಸಿದವನಿಗೆ ಈ ಸಾವು ಕಷ್ಟವಾಗುತ್ತದೆ: ಗೆದ್ದವನು ಯಾವ ಮನಸ್ಸಿನಿಂದ ಮಗನನ್ನು ಶತ್ರುವಿನ ಕೈಗಿಡುವನು?

ನಗರದಲ್ಲಿ ಈ ತೊಡಕು ಹೆಚ್ಚು. ಹಿಂದೆ ಇರುಳಿಡೀ ಹಬ್ಬುತ್ತಿದ್ದ ಪ್ರಸಂಗ ಇಲ್ಲಿ ಕೆಲವೇ ಗಂಟೆಗಳಿಗೆ ಇಳಿಯುತ್ತದೆ. ಶ್ರೋತೃಗಳಿಗೆ ಕೊನೆಯ ಲೋಕಲ್ ರೈಲಿನ ಚಿಂತೆ. ಪೀಠಿಕೆಯಲ್ಲಿಯೇ ಹೊತ್ತು ಕಳೆಯುವ ಹಿರಿಯ ಅರ್ಥಧಾರಿಯು ಎದುರಿನ ಕಿರಿಯನ ಪಾಲನ್ನೂ ಉಣ್ಣುತ್ತಾನೆ. ಇದನ್ನು ಪಾಂಡಿತ್ಯವೆಂದು ಮನ್ನಿಸಲಾಗದು. ಶ್ರೋತೃಗಳ ಮಕ್ಕಳಲ್ಲಿ ಹಲವರ ಶಾಲೆ ಮರಾಠಿ, ಇಂಗ್ಲಿಷುಗಳಲ್ಲಿ; ಪ್ರೌಢಗನ್ನಡವು ಅವರ ಕಿವಿಗೆ ಬೀಳುವ ವಿರಳ ಸಂದರ್ಭಗಳಲ್ಲಿ ಈ ಕೂಟವೂ ಒಂದು. ಅವರಿಗೆ ಅಲ್ಲಿ ಕೇಳಿಸಬೇಕಾದುದು ವಾಲಿಯ ಸ್ವರ, ರಾಮನ ಸ್ವರ, ಭಾಷಣಕಾರನೊಬ್ಬನದಲ್ಲ.