ಗಿಗಾಹರ್ಟ್ಸ್ ನೋಡಿ ಕಂಪ್ಯೂಟರ್ ಕೊಳ್ಳಬಹುದೇ?

ಕಂಪ್ಯೂಟರ್ ಎಷ್ಟು ಚುರುಕು ಎನ್ನುವುದನ್ನು ಪ್ರೊಸೆಸರಿನ ಗಿಗಾಹರ್ಟ್ಸ್ ನೋಡಿ ತೀರ್ಮಾನಿಸುವ ರೂಢಿ ಇನ್ನೂ ಹೋಗಿಲ್ಲ. ಜಾಹೀರಾತಿನಲ್ಲೂ ಅದೇ ಅಂಕಿ, ಅಂಗಡಿಯವರ ಬಾಯಲ್ಲೂ ಅದೇ ಅಂಕಿ. ಕಷ್ಟಪಟ್ಟು ಹಣ ಕೂಡಿಸಿ ಮಕ್ಕಳ ಓದಿಗೋ ಮನೆಯ ಲೆಕ್ಕಪತ್ರಕ್ಕೋ ಕಂಪ್ಯೂಟರ್ ಕೊಳ್ಳುವವರಿಗೆ ಈ ರೂಢಿಯಿಂದ ನಷ್ಟವೇ ಹೆಚ್ಚು.

ಗಿಗಾಹರ್ಟ್ಸ್ ಹೇಳುವುದು ಪ್ರೊಸೆಸರಿನ ಒಳಗಿನ ಗಡಿಯಾರ ಸೆಕೆಂಡಿಗೆ ಎಷ್ಟು ಬಾರಿ ಬಡಿಯುತ್ತದೆ ಎಂಬುದನ್ನು ಮಾತ್ರ. ಒಂದೊಂದು ಬಡಿತಕ್ಕೆ ಎಷ್ಟು ಕೆಲಸ ಮುಗಿಯುತ್ತದೆ ಎಂಬುದು ಬೇರೆಯೇ ಲೆಕ್ಕ. ಇದನ್ನು ಇಂಟೆಲ್‌ನ ಪೆಂಟಿಯಂ 4ರಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟ ಚಿಪ್ ಇನ್ನೊಂದಿಲ್ಲ. 2000ದ ಮಾರ್ಚ್‌ನಲ್ಲಿ ಚಿಪ್ ತಯಾರಿಸುವ ಎಎಂಡಿ ಮತ್ತು ಇಂಟೆಲ್ ಎರಡೂ 1 ಗಿಗಾಹರ್ಟ್ಸ್ ಮುಟ್ಟಿದ್ದವು. ಅದೇ ವರ್ಷದ ನವೆಂಬರ್‌ನಲ್ಲಿ ಇಂಟೆಲ್ 1.4 ಮತ್ತು 1.5 ಗಿಗಾಹರ್ಟ್ಸ್‌ನ ಪೆಂಟಿಯಂ 4 ತಂದಿತು. ಆದರೂ ಕಚೇರಿ ಕೆಲಸದ ಕೆಲವು ಪರೀಕ್ಷೆಗಳಲ್ಲಿ 1 ಗಿಗಾಹರ್ಟ್ಸ್‌ನ ಹಳೆಯ ಪೆಂಟಿಯಂ 3 ಮುಂದಿತ್ತು.

ಕಾರಣ ಪೈಪ್‌ಲೈನಿನಲ್ಲಿದೆ. ಪ್ರೊಸೆಸರ್ ಪ್ರತಿ ಆದೇಶವನ್ನೂ ಹಲವು ಹಂತಗಳಲ್ಲಿ ಮುಗಿಸುತ್ತದೆ, ಆ ಹಂತಗಳ ಸಾಲೇ ಪೈಪ್‌ಲೈನ್. ಹಂತಗಳನ್ನು ಚಿಕ್ಕದಾಗಿ ಒಡೆದಷ್ಟೂ ಗಡಿಯಾರವನ್ನು ಜೋರಾಗಿ ಓಡಿಸಬಹುದು. ಪೆಂಟಿಯಂ 4ರಲ್ಲಿ 20 ಹಂತಗಳಿದ್ದವು. 2004ರ ಪ್ರೆಸ್‌ಕಾಟ್ ಆವೃತ್ತಿಯಲ್ಲಿ 31. ಆದರೆ ಪ್ರೋಗ್ರಾಮಿನಲ್ಲಿ ಕವಲು ಬಂದಾಗ ಪ್ರೊಸೆಸರ್ ಮುಂದಿನ ದಾರಿಯನ್ನು ಊಹಿಸಿ ಕೆಲಸ ಶುರುಮಾಡಿರುತ್ತದೆ. ಊಹೆ ತಪ್ಪಿದರೆ ಆ ದಾರಿಯಲ್ಲಿ ಮಾಡಿದ್ದೆಲ್ಲ ವ್ಯರ್ಥ, ಮತ್ತೆ ಮೊದಲಿನಿಂದ ತುಂಬಬೇಕು. ಪೈಪ್‌ಲೈನ್ ಉದ್ದವಾದಷ್ಟೂ ಈ ದಂಡ ಹೆಚ್ಚು. ಜೊತೆಗೆ ಬಿಸಿಯ ಕಾಟ. ಗಡಿಯಾರ ಏರಿಸಲು ವೋಲ್ಟೇಜನ್ನೂ ಏರಿಸಬೇಕಾಗುತ್ತದೆ, ವಿದ್ಯುತ್ ಖರ್ಚು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ತರುವ ಯೋಜನೆಯನ್ನು ಇಂಟೆಲ್ 2004ರ ಅಕ್ಟೋಬರ್‌ನಲ್ಲಿ ಕೈಬಿಟ್ಟಿತು. ಆ ಸರಣಿ 3.8ಕ್ಕೇ ನಿಂತಿತು. 2006ರಲ್ಲಿ ಬಂದ ಕೋರ್ 2 ಡ್ಯುಯೊ ಇ6600ರ ವೇಗ ಬರೀ 2.4 ಗಿಗಾಹರ್ಟ್ಸ್, ಹಂತಗಳು 14. ಅದು ಪೆಂಟಿಯಂ 4ನ್ನು ಸಲೀಸಾಗಿ ಹಿಂದೆ ಹಾಕಿತು.

ಇನ್ನು ದಿನನಿತ್ಯದ ಬಳಕೆಗೆ ಬರೋಣ. ಸೆಕೆಂಡಿಗೆ 5 ಕೀಲಿ ಒತ್ತುವ ಒಳ್ಳೆಯ ಟೈಪಿಸ್ಟ್ ಕನ್ನಡದಲ್ಲಿ ಪತ್ರ ಟೈಪ್ ಮಾಡುತ್ತಿದ್ದಾರೆ ಎನ್ನಿ. 3 ಗಿಗಾಹರ್ಟ್ಸ್ ಪ್ರೊಸೆಸರಿನ ಗಡಿಯಾರ ಒಂದು ಕೀಲಿಗೂ ಮುಂದಿನ ಕೀಲಿಗೂ ನಡುವೆ 60 ಕೋಟಿ ಸಲ ಬಡಿದಿರುತ್ತದೆ. ಅಕ್ಷರ ಮೂಡಿಸಲು ಅದರಲ್ಲಿ ಅಲ್ಪಭಾಗ ಸಾಕು. ಫೈಲ್ ತೆರೆಯುವಾಗಿನ ಕಥೆ ಇನ್ನೂ ಕಣ್ಣಿಗೆ ಹೊಡೆಯುವಂಥದ್ದು. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಅದೇ ಪ್ರೊಸೆಸರಿನ ಎರಡೂವರೆ ಕೋಟಿ ಬಡಿತ ಕಳೆದುಹೋಗುತ್ತದೆ. 4 ಗಿಗಾಹರ್ಟ್ಸ್ ಹಾಕಿದರೆ ಕಳೆದುಹೋಗುವ ಬಡಿತ ಹೆಚ್ಚಾಗುತ್ತದೆ, ಕಾಯುವ ಹೊತ್ತು ಕಡಿಮೆಯಾಗುವುದಿಲ್ಲ. ರ‍್ಯಾಮ್ ಸಾಲದೆ ಬ್ರೌಸರ್‌ನ ಟ್ಯಾಬ್‌ಗಳು ಡಿಸ್ಕಿಗೂ ರ‍್ಯಾಮಿಗೂ ಓಡಾಡತೊಡಗಿದರೂ ಇದೇ ಗತಿ.

ಪೆಟ್ಟಿಗೆಯ ಮೇಲಿನ ಅಂಕಿಯಂತೂ ಈಗ ಇನ್ನಷ್ಟು ದಾರಿ ತಪ್ಪಿಸುತ್ತದೆ. ಇಂಟೆಲ್‌ನ ಐ5-7200ಯು ಚಿಪ್‌ನ ಮೂಲ ವೇಗ 2.5 ಗಿಗಾಹರ್ಟ್ಸ್, ನಂತರದ ಐ5-8250ಯು ಚಿಪ್‌ನ ಮೂಲ ವೇಗ 1.6. ಕೆಳಗಿನ ಅಂಕಿಯದ್ದೇ ಹೆಚ್ಚು ಸಮರ್ಥ, ಏಕೆಂದರೆ ಅದರಲ್ಲಿ ಎರಡರ ಬದಲು ನಾಲ್ಕು ಕೋರ್‌ಗಳು, ಅಂದರೆ ಕೆಲಸ ಮಾಡುವ ಘಟಕಗಳು, ಇವೆ, ಅಗತ್ಯ ಬಿದ್ದಾಗ 3.4ರವರೆಗೂ ಏರುತ್ತದೆ. ಹಾಗೆ ಏರಿದ ವೇಗವೂ ಲ್ಯಾಪ್‌ಟಾಪ್ ಬಿಸಿಯಾದಂತೆ ಇಳಿಯುತ್ತದೆ.

ಗಡಿಯಾರದ ವೇಗ ಎಲ್ಲಿಯೂ ಲೆಕ್ಕಕ್ಕಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಒಂದೇ ತಲೆಮಾರಿನ, ಒಂದೇ ಬಗೆಯ ಎರಡು ಪ್ರೊಸೆಸರ್‌ಗಳನ್ನು ಹೋಲಿಸುವಾಗ ಅದು ನ್ಯಾಯವಾದ ಅಳತೆ. ಒಂದೇ ಕೋರ್ ಮೇಲೆ ಭಾರ ಹಾಕುವ ಆಟಗಳಲ್ಲಿ ಅದರ ಲಾಭ ಕಣ್ಣಿಗೆ ಕಾಣುತ್ತದೆ. ಅದು ಬಿಟ್ಟರೆ ಪತ್ರ, ಇಮೇಲ್, ವಿಡಿಯೊ, ಆನ್‌ಲೈನ್ ಅರ್ಜಿಗಳಿಗೆ ಅರ್ಧ ಗಿಗಾಹರ್ಟ್ಸ್ ಹೆಚ್ಚಿದ್ದರೂ ಫರಕು ತಿಳಿಯುವುದೇ ಇಲ್ಲ.

ಹೊಸದನ್ನು ಕೊಳ್ಳುವವರು ಪ್ರೊಸೆಸರ್ ಯಾವ ತಲೆಮಾರಿನದು, ರ‍್ಯಾಮ್ ಎಷ್ಟು, ತಿರುಗುವ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಇದೆಯೇ ಎಂದು ಮೊದಲು ಕೇಳಿ. ಮನೆಯಲ್ಲಿರುವ ಹಳೆಯ ಕಂಪ್ಯೂಟರ್ ನಿಧಾನವಾಗಿದ್ದರೆ ಅದನ್ನು ಮೂಲೆಗೆ ಹಾಕುವ ಮುನ್ನ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ ನೋಡಿ.