ಸುರಪುರದ ಟೇಲರ್ ಮಂಜಿಲ್

ಮುದನಾಳದಿಂದ ಶಹಾಪುರ ದಾಟಿ ಸುರಪುರಕ್ಕೆ ಹೋದವರು ಗುಡ್ಡದ ಮೇಲಿನ ಟೇಲರ್ ಮಂಜಿಲ್ ಬಂಗಲೆ ನೋಡದೆ ಮರಳಬಾರದು. ಲಿವರ್‌ಪೂಲ್‌ನಲ್ಲಿ ಹುಟ್ಟಿದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1841ರಲ್ಲಿ ಇಲ್ಲಿಗೆ ಬಂದದ್ದು ತಾತ್ಕಾಲಿಕ ಕೆಲಸಕ್ಕೆ. ಬಾಲಕ ರಾಜಾ ವೆಂಕಟಪ್ಪ ನಾಯಕ ಪ್ರಾಯಕ್ಕೆ ಬರುವವರೆಗೆ ಸಂಸ್ಥಾನದ ಆಡಳಿತ, ಹುಡುಗನ ವಿದ್ಯಾಭ್ಯಾಸ ಎರಡನ್ನೂ ನೋಡಿಕೊಳ್ಳಬೇಕಿತ್ತು. ಸುಮ್ಮನೆ ಕಾಲ ಕಳೆದು ಹೋಗಬಹುದಿತ್ತು. ಆದರೆ ಆತ ಬೋನಾಳ ಕೆರೆ ಸುಧಾರಿಸಿದ, ರಾಜನಕೋಳೂರಿನ ಶಿಲಾಸಮಾಧಿಗಳ ಬಗ್ಗೆ ಬರೆದ. ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು, ಆ ಹುಡುಗ ಅವನನ್ನು ‘ಅಪ್ಪಾ’ ಎಂದು ಕರೆದದ್ದು. ಅಂಥ ಸಲುಗೆ ಹುದ್ದೆಯಿಂದ ಬರುವುದಿಲ್ಲ. 1853ರಲ್ಲಿ ರಾಜ್ಯ ಒಪ್ಪಿಸಿ ಟೇಲರ್ ಹೊರಟ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಸೆರೆಯಾದ ತನ್ನ ಶಿಷ್ಯನನ್ನು ಸೆರೆಮನೆಗೇ ಹೋಗಿ ಕಂಡ. ಟೇಲರ್‌ನ ಆತ್ಮಕಥೆಯಲ್ಲಿ ಇದನ್ನು ಹೇಳುವ ಪುಟಗಳನ್ನು ನಮ್ಮ ಭಾಗದ ಪ್ರತಿಯೊಬ್ಬ ಮೇಷ್ಟ್ರೂ ಓದಬೇಕು.