ಎತ್ತರಕ್ಕೇರಿದ ಜಗಲಿ

ಮುಂಬೈಗೆ ತಂಪುಗಾಳಿ ಬರುವುದು ಪಶ್ಚಿಮದ ಕಡಲಿನಿಂದ. ತೊಂದರೆಯೆಂದರೆ, ಇಳಿಹೊತ್ತಿನ ಸುಡುಬಿಸಿಲೂ ಮುಂಗಾರಿನ ಇರಚಲೂ ಬರುವುದು ಅದೇ ಕಡೆಯಿಂದ. ಹಳೆಯ ಬಂಗಲೆಗಳು ಸುತ್ತ ಜಗಲಿ ಕಟ್ಟಿ ಈ ಇಕ್ಕಟ್ಟಿನಿಂದ ಪಾರಾಗಿದ್ದವು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಆ ಜಗಲಿಯನ್ನೇ ಎತ್ತಿ ಗೋಪುರಕ್ಕೇರಿಸಿದರು. ಕಂಬಾಲಾ ಹಿಲ್‌ನಲ್ಲಿ 1983ರಲ್ಲಿ ಮುಗಿದ ಕಾಂಚನಜುಂಗಾ ಅಪಾರ್ಟ್‌ಮೆಂಟ್ಸ್: 28 ಅಂತಸ್ತು, 32 ಮನೆ, 21 ಮೀಟರ್ ಚೌಕದ ನಕ್ಷೆ.

ದೂರದಿಂದ ನೋಡಿದರೆ ಬೆಣ್ಣೆಮುದ್ದೆಯ ಮೂಲೆಗಳನ್ನು ಯಾರೋ ಕೊಯ್ದು ತೆಗೆದಂತಿದೆ. ಎರಡಂತಸ್ತು ಎತ್ತರದ ಆ ತೆರಪುಗಳೇ ಕಟ್ಟಡದ ಜೀವ. ಒಂದೊಂದೂ ಒಂದೊಂದು ಮನೆಯ ಕೈತೋಟ. ಬಿಸಿಲು, ಮಳೆಯ ರಭಸ ಅಲ್ಲೇ ಮುರಿಯುತ್ತದೆ, ಕೋಣೆಗಳು ಅದರ ಹಿಂದೆ ನೆರಳಿನಲ್ಲಿರುತ್ತವೆ. ಮನೆಗಳು ಪೂರ್ವದಿಂದ ಪಶ್ಚಿಮದವರೆಗೂ ಚಾಚಿಕೊಂಡಿರುವುದರಿಂದ ಹೊಕ್ಕ ಗಾಳಿಗೆ ಹೊರಬೀಳುವ ದಾರಿಯೂ ಉಂಟು. ಗಾಜಿನ ಪೆಟ್ಟಿಗೆ ಕಟ್ಟಿ, ಆಮೇಲೆ ಎ.ಸಿ.ಗೆ ಕೈಮುಗಿಯುವ ಇಂದಿನ ಬಿಲ್ಡರುಗಳು ಇಲ್ಲೊಮ್ಮೆ ನಿಂತು ನೋಡಬೇಕು.

ಸಿರಿವಂತರ ಗೋಪುರ, ನಿಜ. ಆದರೆ ಅದೇ ದಶಕದಲ್ಲಿ ಕೊರಿಯಾ ನವಿ ಮುಂಬೈಯ ಬೇಲಾಪುರದಲ್ಲಿ ಕಡಿಮೆ ಆದಾಯದವರಿಗೂ ಮನೆ ರೂಪಿಸಿದರು: ಏಳು ಮನೆಗಳ ನಡುವೆ 8 ಮೀಟರ್ ಚೌಕದ ಅಂಗಳ, ಮುಂದೆ ಬೆಳೆಸಿಕೊಳ್ಳಲು ಅನುವಾಗುವಂತೆ ಪ್ರತಿ ಮನೆಗೂ ಅದರದೇ ಗೋಡೆ.